ಸಂಕೀರ್ಣ ಕಾಯಿಲೆಗಳ ತಳಿಶಾಸ್ತ್ರವನ್ನು ಸಂಖ್ಯಾಶಾಸ್ತ್ರದಿಂದ ಅಭ್ಯಸಿಸುವ ಬಗೆ: ಪುಣೆ–ಮುಂಬೈಯ ಕನ್ನಡ ವಿದ್ಯಾರ್ಥಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

1952ರಲ್ಲಿ ಮುಂಬೈಯ ವೈದ್ಯ ವೈ. ಎಂ. ಭೆಂಡೆ ಮತ್ತು ಅವರ ಸಹೋದ್ಯೋಗಿಗಳು ಅದುವರೆಗೆ ಯಾರೂ ಗುರುತಿಸದಿದ್ದ ರಕ್ತದ ಗುಂಪೊಂದನ್ನು ವರದಿ ಮಾಡಿದರು. ಜಗತ್ತು ಅದನ್ನು ಇಂದಿಗೂ ಬಾಂಬೆ ರಕ್ತದ ಗುಂಪು ಎಂದೇ ಕರೆಯುತ್ತದೆ. ಎಫ್‌ಯುಟಿ1 ಎಂಬ ಒಂದೇ ಒಂದು ಜೀನಿನ ಕೆಟ್ಟ ಪ್ರತಿ ತಂದೆಯಿಂದಲೂ ತಾಯಿಯಿಂದಲೂ ಬಂದರೆ ಮಗುವಿಗೆ ಈ ಗುಂಪು ಬರುತ್ತದೆ. ಒಬ್ಬರಿಂದ ಮಾತ್ರ ಬಂದರೆ ಬರುವುದಿಲ್ಲ. ಒಂದು ಕುಟುಂಬದ ವಂಶವೃಕ್ಷವನ್ನು ಕಾಗದದ ಮೇಲೆ ಬರೆದರೆ ಸಾಕು, ಲೆಕ್ಕ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ.

ಸಕ್ಕರೆ ಕಾಯಿಲೆಯ ವಂಶವೃಕ್ಷ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ಅಪ್ಪನಿಗಿದ್ದ ಕಾಯಿಲೆ ಹಿರಿಯ ಮಗನಿಗೆ ಬರುತ್ತದೆ, ಕಿರಿಯವನಿಗೆ ಬರುವುದಿಲ್ಲ. ಮನೆಯಲ್ಲಿ ಯಾರಿಗೂ ಇಲ್ಲದವರಿಗೂ ಬರುತ್ತದೆ. ಮೆಂಡೆಲನ ನಿಯಮಗಳು ಇಲ್ಲಿ ಮುರಿದು ಬಿದ್ದಿವೆ ಎಂದಲ್ಲ. ಒಂದೊಂದೂ ಮೆಂಡೆಲನ ನಿಯಮದಂತೆಯೇ ನಡೆಯುವ ನೂರಾರು ಜೀನುಗಳ ಸಣ್ಣ ಸಣ್ಣ ಪರಿಣಾಮಗಳು, ಊಟ, ದುಡಿಮೆ, ವಯಸ್ಸು, ತಾಯಿಯ ಗರ್ಭದಲ್ಲಿ ಸಿಕ್ಕ ಪೋಷಣೆ ಇವೆಲ್ಲದರೊಂದಿಗೆ ಕೂಡಿ ಒಟ್ಟು ಅಪಾಯವನ್ನು ನಿರ್ಧರಿಸುತ್ತವೆ. ಹೀಗೆ ಸಣ್ಣ ಪರಿಣಾಮಗಳು ಕೂಡಿದರೆ ಎತ್ತರದಂಥ ನಿರಂತರ ಗುಣಗಳು ಉಂಟಾಗಬಲ್ಲವು ಎಂಬುದನ್ನು ರೊನಾಲ್ಡ್ ಫಿಶರ್ 1918ರಲ್ಲೇ ಗಣಿತದಿಂದ ತೋರಿಸಿದ್ದರು. ಇಂಥ ಕಾಯಿಲೆಗಳನ್ನು ಸಂಕೀರ್ಣ ಕಾಯಿಲೆಗಳು ಎನ್ನುತ್ತೇವೆ. ಇವುಗಳ ಅಧ್ಯಯನಕ್ಕೆ ಒಂದು ಮನೆತನದ ಕಥೆ ಸಾಲುವುದಿಲ್ಲ, ಸಾವಿರಾರು ಜನರ ಎಣಿಕೆ ಬೇಕು.

ಪುಣೆಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ ನನ್ನ ಬಳಿಗೆ ಬರುವ ಕನ್ನಡದ ವಿದ್ಯಾರ್ಥಿಗಳನ್ನು, ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಓದಲು ಬಂದವರನ್ನೂ ಮುಂಬೈಯಲ್ಲೇ ಹುಟ್ಟಿ ಬೆಳೆದವರನ್ನೂ, ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರು ಮೊದಲ ದಿನವೇ ಕೇಳುವುದು ಯಾವ ಸಾಫ್ಟ್‌ವೇರ್ ಬಳಸಬೇಕು ಎಂದು. ಸಾಫ್ಟ್‌ವೇರ್ ಕಲಿಯಲು ಎರಡು ವಾರ ಸಾಕು. ಯಾರ ರಕ್ತವನ್ನು ಯಾರ ರಕ್ತದ ಜೊತೆ ಹೋಲಿಸುತ್ತಿದ್ದೇವೆ ಎಂಬುದನ್ನು ಸರಿಯಾಗಿ ಯೋಚಿಸಲು ಕೆಲವೊಮ್ಮೆ ಎರಡು ವರ್ಷವೂ ಬೇಕಾಗುತ್ತದೆ, ಮತ್ತು ಅಧ್ಯಯನದ ಅಳಿವು ಉಳಿವು ಅಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಆ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹಂತ: ಕಾಯಿಲೆ ಎಂದರೇನು ಎಂದು ಬರೆದಿಡುವುದು

ಯಾರನ್ನು ರೋಗಿ ಎಂದು ಎಣಿಸುತ್ತೀರಿ ಎಂಬುದನ್ನು ರಕ್ತ ತೆಗೆಯುವ ಮೊದಲೇ ಕಾಗದದ ಮೇಲೆ ಬರೆದು ಸಹಿ ಹಾಕಿರಿ. ಎರಡನೆಯ ಬಗೆಯ ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿಗಳಿವೆ: ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು, ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) 6.5 ಪ್ರತಿಶತ ಅಥವಾ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾದವರಲ್ಲಿ ಮೊದಲ ಬಗೆಯವರು ಸೇರಿರಬಹುದು. ಅವರನ್ನು ಬೇರ್ಪಡಿಸುವ ನಿಯಮವೂ ಮೊದಲೇ ಇರಲಿ.

ರೋಗಿಗಳೊಂದಿಗೆ ಹೋಲಿಸಲು ಆರಿಸುವ, ಕಾಯಿಲೆ ಇಲ್ಲದವರ ಗುಂಪಿಗೂ (ಹೋಲಿಕೆಯ ಗುಂಪು) ಇಷ್ಟೇ ಕಟ್ಟುನಿಟ್ಟು ಬೇಕು. ಕಾಲೇಜಿನ ಇಪ್ಪತ್ತರ ಹುಡುಗರನ್ನು ಆರೋಗ್ಯವಂತರು ಎಂದು ಸೇರಿಸಿಕೊಳ್ಳುವುದು ಸುಲಭ, ಆದರೆ ಅವರಲ್ಲಿ ಹಲವರು ಐವತ್ತು ದಾಟುವಷ್ಟರಲ್ಲಿ ರೋಗಿಗಳಾಗುತ್ತಾರೆ. ರೋಗ ಬರಬೇಕಾದ ವಯಸ್ಸನ್ನು ದಾಟಿಯೂ ಬರದಿದ್ದವರು, ಅದರಲ್ಲೂ ಪರೀಕ್ಷೆ ಮಾಡಿಸಿ ಬಂದಿಲ್ಲ ಎಂದು ಖಚಿತವಾದವರು, ಒಳ್ಳೆಯ ಹೋಲಿಕೆಯ ಗುಂಪಾಗುತ್ತಾರೆ. ತೂಕ, ಎತ್ತರ, ಸೊಂಟದ ಸುತ್ತಳತೆಗಳನ್ನು ಎಲ್ಲರಿಂದಲೂ ಪಡೆಯಿರಿ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡದವರು 1993ರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಗರ್ಭಿಣಿಯರ ಪೋಷಣೆಯ ಅಧ್ಯಯನ ಆರಂಭಿಸಿ, ಇಲ್ಲಿ ಹುಟ್ಟುವ ಕೂಸು ನೋಡಲು ಸಣ್ಣಗಿದ್ದರೂ ಅದರ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚು ಎಂದು ತೋರಿಸಿದರು. ಅಂದರೆ ನಮ್ಮಲ್ಲಿ ತೂಕ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಈ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಎರಡನೆಯ ಹಂತ: ಒಪ್ಪಿಗೆ

ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಂದು ಹನಿ ರಕ್ತವನ್ನೂ ತೆಗೆಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯನ್ನು ಮೊದಲು ಓದಿರಿ. ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿದೆ ಎಂಬುದು ಸಣ್ಣ ವಿಷಯವಲ್ಲ. ಪುಣೆಯ ಕಟ್ಟಡ ಕೆಲಸಗಳಿಗೆ ಕಲಬುರಗಿ, ವಿಜಯಪುರದಿಂದ ಬಂದ ಎಷ್ಟೋ ಜನರಿಗೆ ಮರಾಠಿ ಮಾತು ತಿಳಿಯುತ್ತದೆ, ಮರಾಠಿ ಬರಹ ಓದಲು ಬಾರದು. ಅಕ್ಕಲಕೋಟೆಯ ಕಡೆಯವರಲ್ಲಿ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಓದಿದವರು ಬಹಳ. ಪತ್ರವನ್ನು ಎರಡೂ ಭಾಷೆಗಳಲ್ಲಿ ಅಚ್ಚು ಮಾಡಿಸಿ, ಓದಲು ಬಾರದವರಿಗೆ ಅವರ ಮನೆಮಾತಿನಲ್ಲೇ ಓದಿ ಹೇಳಬೇಕು. ಮಾಹಿತಿ ಹೊರದೇಶದ ತಂಡಕ್ಕೆ ಹೋಗುವುದಿದ್ದರೆ ಅದನ್ನೂ ಪತ್ರದಲ್ಲಿ ಹೇಳಿರಬೇಕು.

ಮೂರನೆಯ ಹಂತ: ಎಷ್ಟು ಜನ ಬೇಕು

ಇಡೀ ಜೀನೋಮಿನ (ಒಬ್ಬರ ಪೂರ್ತಿ ಡಿಎನ್ಎಯ) ಅಧ್ಯಯನದಲ್ಲಿ, ಡಿಎನ್ಎಯ ಅಕ್ಷರ ಜನರಿಂದ ಜನರಿಗೆ ಬದಲಾಗುವ ಲಕ್ಷಾಂತರ ಜಾಗಗಳನ್ನು ಒಂದೇ ಸಲ ಪರೀಕ್ಷಿಸುತ್ತೇವೆ. ಒಂದೊಂದು ಜಾಗದ ಪಿ-ಮೌಲ್ಯಕ್ಕೂ (ಸಂಬಂಧವೇ ಇಲ್ಲದಿದ್ದರೂ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಕಾಣುವ ಸಂಭವಕ್ಕೆ) 0.05ರ ಮಿತಿ ಇಟ್ಟರೆ, ಹತ್ತು ಲಕ್ಷ ಪರೀಕ್ಷೆಗಳಲ್ಲಿ ಬರಿಯ ಆಕಸ್ಮಿಕದಿಂದಲೇ ಐವತ್ತು ಸಾವಿರ ಸುಳ್ಳು ಸಂಬಂಧಗಳು ಮೇಲೇಳುತ್ತವೆ. ಹಾಗಾಗಿ 0.05ನ್ನು ಹತ್ತು ಲಕ್ಷದಿಂದ ಭಾಗಿಸಿ 5×10⁻⁸ ಎಂಬ ಮಿತಿಯನ್ನು ಬಳಸುವ ರೂಢಿ ಬಂದಿದೆ. ಇಷ್ಟು ಕಠಿಣ ಮಿತಿಯನ್ನು ದಾಟಲು ಎಷ್ಟು ಜನ ಬೇಕು ಎಂಬುದನ್ನು ಕೈಯಲ್ಲೇ ಲೆಕ್ಕ ಹಾಕಬಹುದು.

ಅಪಾಯದ ಆಲೀಲ್ (ಒಂದು ಜಾಗದಲ್ಲಿ ಕಾಣುವ ಎರಡು ರೂಪಗಳಲ್ಲಿ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ರೂಪ) ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 30ರಷ್ಟು ಇದೆ ಎನ್ನೋಣ. ಈ ಆಲೀಲಿನ ಆಡ್ಸ್ ಅನುಪಾತ (ಆಲೀಲ್ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಪ್ರಮಾಣ ರೋಗಿಗಳಲ್ಲಿ ಹೋಲಿಕೆಯವರಿಗಿಂತ ಎಷ್ಟು ಪಟ್ಟು ಎಂಬುದು) 1.2 ಆಗಿದ್ದರೆ, ರೋಗಿಗಳಲ್ಲಿ ಅದರ ಪ್ರಮಾಣ ಸುಮಾರು 34 ಆಗುತ್ತದೆ. ನಾವು ಹಿಡಿಯಬೇಕಾದದ್ದು ಈ ನಾಲ್ಕರ ವ್ಯತ್ಯಾಸವನ್ನು. 5×10⁻⁸ರ ಮಿತಿಗೆ ಸಾಮಾನ್ಯ ವಿತರಣೆಯ ಕೋಷ್ಟಕದಲ್ಲಿ 5.45 ಎಂಬ ಬೆಲೆ ಸಿಗುತ್ತದೆ, ನೂರಕ್ಕೆ ಎಂಬತ್ತು ಸಲ ಗುರಿ ತಲುಪುವ ಬಲ ಬೇಕೆಂದರೆ 0.84. ಎರಡನ್ನೂ ಕೂಡಿಸಿ ವರ್ಗ ಮಾಡಿದರೆ 39.6. ಇದನ್ನು ಎರಡು ಗುಂಪುಗಳ ವೇರಿಯನ್ಸ್‌ಗಳ (ಆಲೀಲಿನ ಪ್ರಮಾಣ p ಆದರೆ p(1−p)) ಮೊತ್ತದಿಂದ ಗುಣಿಸಿ, ವ್ಯತ್ಯಾಸದ ವರ್ಗದಿಂದ ಭಾಗಿಸಿದರೆ ಒಂದೊಂದು ಗುಂಪಿಗೆ ಬೇಕಾದ ಆಲೀಲ್‌ಗಳ ಸಂಖ್ಯೆ ಬರುತ್ತದೆ. ಒಬ್ಬರಲ್ಲಿ ಎರಡು ಆಲೀಲ್ ಇರುವುದರಿಂದ ಅದರ ಅರ್ಧ ಜನ ಸಾಕು. ಲೆಕ್ಕ ಮುಗಿಸಿದರೆ ಒಂದೊಂದು ಗುಂಪಿಗೆ ಸುಮಾರು 5,500 ಜನ ಎಂದಾಗುತ್ತದೆ. ಆಡ್ಸ್ ಅನುಪಾತ 1.4 ಆಗಿದ್ದರೆ ಸುಮಾರು 1,600 ಜನ ಸಾಕು, 1.1 ಆಗಿದ್ದರೆ ಇಪ್ಪತ್ತು ಸಾವಿರ ದಾಟುತ್ತದೆ. ಪರಿಣಾಮ ಅರ್ಧವಾದರೆ ಬೇಕಾದ ಜನ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತಾರೆ ಎಂಬ ಈ ಒಂದು ಸಂಗತಿ ಮನದಟ್ಟಾದರೆ, ಈ ಕ್ಷೇತ್ರ ಏಕೆ ಹಲವು ಸಂಸ್ಥೆಗಳು ಸೇರಿದ ಇಷ್ಟು ದೊಡ್ಡ ಕೂಟಗಳತ್ತ ಹೋಯಿತು ಎಂಬುದು ತಾನಾಗಿಯೇ ತಿಳಿಯುತ್ತದೆ. 2007ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಕೂಟ ಏಳು ಕಾಯಿಲೆಗಳಿಗೆ ತಲಾ ಸುಮಾರು 2,000 ರೋಗಿಗಳನ್ನೂ, ಎಲ್ಲಕ್ಕೂ ಸೇರಿ 3,000 ಜನರ ಒಂದೇ ಹೋಲಿಕೆಯ ಗುಂಪನ್ನೂ ಬಳಸಿದಾಗ ಅದು ದೊಡ್ಡದೆನಿಸಿತ್ತು. 2024ರ ಸಕ್ಕರೆ ಕಾಯಿಲೆಯ ಜಾಗತಿಕ ವಿಶ್ಲೇಷಣೆಯಲ್ಲಿ 25 ಲಕ್ಷಕ್ಕೂ ಹೆಚ್ಚು ಜನರಿದ್ದರು. ಕಾಯಿಲೆಗೆ ಸಂಬಂಧಿಸಿದ ಜೀನೋಮಿನ 611 ನೆಲೆಗಳು (ಅಕ್ಕಪಕ್ಕದ ಜಾಗಗಳು ಸೇರಿದ ಪ್ರದೇಶಗಳು) ಅದರಲ್ಲಿ ಗುರುತಾದವು.

ನಿಮ್ಮಲ್ಲಿ ಎಂಟುನೂರು ಜನರ ಮಾದರಿ ಮಾತ್ರ ಇದೆಯೆಂದು ಕೈ ಚೆಲ್ಲಬೇಕಾಗಿಲ್ಲ. ಈಗಾಗಲೇ ಬೇರೆಡೆ ಸಾಬೀತಾದ ಕೆಲವೇ ಜಾಗಗಳು ನಮ್ಮ ಜನರಲ್ಲೂ ಕೆಲಸ ಮಾಡುತ್ತವೆಯೇ ಎಂದು ನೋಡಲು ಸಾವಿರದ ಆಸುಪಾಸಿನ ಗುಂಪುಗಳು ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಅಲ್ಲಿ ಮಿತಿ ಇಷ್ಟು ಕಠಿಣವಾಗಿರಬೇಕಿಲ್ಲ. ಆದರೆ ಎಂಟುನೂರು ಜನರಿಂದ ಇಡೀ ಜೀನೋಮನ್ನು ಜಾಲಾಡಿ ಹೊಸ ಜೀನು ಕಂಡೆ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ನಾಲ್ಕನೆಯ ಹಂತ: ಯಾರನ್ನು ಯಾರೊಂದಿಗೆ ಹೋಲಿಸುವುದು

ಇಲ್ಲಿ ನಿಧಾನವಾಗಿ ನಡೆಯೋಣ. ನಮ್ಮ ಜನ ಹತ್ತಾರು ತಲೆಮಾರುಗಳಿಂದ ಒಳವಿವಾಹದ (ತಮ್ಮೊಳಗೇ ಮದುವೆಯಾಗುವ) ಸಮುದಾಯಗಳಾಗಿ ಬದುಕಿದ್ದಾರೆ. ಎಲ್. ಡಿ. ಸಂಘ್ವಿ ಮತ್ತು ವಿ. ಆರ್. ಖಾನೋಲ್ಕರ್ ಅವರು 1949ರ ಸುಮಾರಿಗೇ ಮುಂಬೈಯ ಆರು ಒಳವಿವಾಹಿ ಸಮುದಾಯಗಳಲ್ಲಿ ಏಳು ಆನುವಂಶಿಕ ಗುಣಗಳನ್ನು ಅಳೆದು, ಒಂದೇ ನಗರದಲ್ಲಿ ಅಕ್ಕಪಕ್ಕದಲ್ಲಿರುವವರ ನಡುವೆಯೂ ಆಲೀಲ್‌ಗಳ ಪ್ರಮಾಣ ಬೇರೆ ಬೇರೆ ಎಂದು ತೋರಿಸಿದ್ದರು. ಡಿಎನ್‌ಎ ಓದುವ ಯಂತ್ರಗಳು ಬಂದ ಮೇಲೆ ಈ ಚಿತ್ರ ಇನ್ನೂ ಸ್ಪಷ್ಟವಾಯಿತು: 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿ, ಅವುಗಳಲ್ಲಿ 81 ಸಮುದಾಯಗಳು ಫಿನ್ನರಿಗಿಂತಲೂ ಅಶ್ಕೆನಾಜಿ ಯಹೂದಿಗಳಿಗಿಂತಲೂ ಕಿರಿದಾದ ಮೂಲದಿಂದ ಬೆಳೆದು ಬಂದಂತಿವೆ ಎಂದು ಕಂಡುಕೊಂಡಿತು.

ಇದು ನಮ್ಮ ಲೆಕ್ಕವನ್ನು ಹೇಗೆ ಕೆಡಿಸುತ್ತದೆ ಎಂದು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಪುಣೆಯ ಒಂದು ಆಸ್ಪತ್ರೆಗೆ ಎರಡು ಸಮುದಾಯಗಳಿಂದ ಜನ ಬರುತ್ತಾರೆ. ‘ಅ’ ಸಮುದಾಯದವರು ಸೊಲ್ಲಾಪುರ–ವಿಜಯಪುರದ ಕಡೆಯವರು. ದೊಡ್ಡ ಚಿಕಿತ್ಸೆಗೆ ರೈಲು ಹತ್ತಿ ಇಲ್ಲಿಗೇ ಬರುವುದರಿಂದ ರೋಗಿಗಳಲ್ಲಿ ಅವರೇ ಹೆಚ್ಚು. ‘ಇ’ ಸಮುದಾಯದವರು ಪುಣೆಯವರೇ. ಹೋಲಿಕೆಯ ಗುಂಪಿಗೆ ಹತ್ತಿರದ ಕಚೇರಿ, ಕಾಲೇಜುಗಳಿಂದ ಜನರನ್ನು ಕರೆದದ್ದರಿಂದ ಅಲ್ಲಿ ಇವರೇ ಹೆಚ್ಚು. ಸಾವಿರ ರೋಗಿಗಳಲ್ಲಿ 800 ‘ಅ’, 200 ‘ಇ’. ಹೋಲಿಕೆಯ ಸಾವಿರ ಜನರಲ್ಲಿ 300 ‘ಅ’, 700 ‘ಇ’. ಒಂದು ಆಲೀಲ್ ‘ಅ’ ಸಮುದಾಯದಲ್ಲಿ ನೂರಕ್ಕೆ 40, ‘ಇ’ ಸಮುದಾಯದಲ್ಲಿ 20 ಇದೆ. ಕಾಯಿಲೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಈಗ ಎಣಿಸಿರಿ. ರೋಗಿಗಳ 2,000 ಆಲೀಲ್‌ಗಳಲ್ಲಿ ‘ಅ’ದವರಿಂದ 640, ‘ಇ’ದವರಿಂದ 80, ಒಟ್ಟು 720. ಹೋಲಿಕೆಯ ಗುಂಪಿನ 2,000ದಲ್ಲಿ 240 ಮತ್ತು 280, ಒಟ್ಟು 520. ಆಡ್ಸ್ ಅನುಪಾತ 1.6. ಎರಡು ಗುಂಪುಗಳ ಎಣಿಕೆಗಳ ವ್ಯತ್ಯಾಸವನ್ನು ಅಳೆಯುವ ಕೈ-ವರ್ಗ ಪರೀಕ್ಷೆಯ ಬೆಲೆ 46.7ರಷ್ಟು, ಪಿ-ಮೌಲ್ಯ 10⁻¹¹ಕ್ಕಿಂತ ಚಿಕ್ಕದು. ಮೇಲೆ ನಾವು ಅಷ್ಟೊಂದು ಕಠಿಣ ಎಂದುಕೊಂಡ 5×10⁻⁸ರ ಮಿತಿಯನ್ನು ಈ ಪೂರ್ತಿ ಸುಳ್ಳು ಸಂಬಂಧ ಸಲೀಸಾಗಿ ದಾಟಿಬಿಟ್ಟಿತು. ಅದೇ ‘ಅ’ ಸಮುದಾಯದವರನ್ನು ಮಾತ್ರ ತೆಗೆದುಕೊಂಡು ಲೆಕ್ಕ ಹಾಕಿ: ರೋಗಿಗಳಲ್ಲೂ ನೂರಕ್ಕೆ 40, ಹೋಲಿಕೆಯವರಲ್ಲೂ 40. ‘ಇ’ದಲ್ಲಿ ಎರಡೂ ಕಡೆ 20. ಎರಡರಲ್ಲೂ ಆಡ್ಸ್ ಅನುಪಾತ ಸರಿಯಾಗಿ 1. ನಾವು ಕಂಡುಹಿಡಿದದ್ದು ಕಾಯಿಲೆಯ ಜೀನನ್ನಲ್ಲ, ರೈಲಿನ ದಾರಿಯನ್ನು. ಜನರ ಸಂಖ್ಯೆಯನ್ನು ಹೆಚ್ಚಿಸಿದರೆ ಈ ತಪ್ಪು ಕಡಿಮೆಯಾಗುವುದಿಲ್ಲ. ಪಿ-ಮೌಲ್ಯ ಇನ್ನೂ ಚಿಕ್ಕದಾಗಿ ತಪ್ಪಿಗೆ ಇನ್ನೂ ಹೆಚ್ಚು ಬಲ ಬರುತ್ತದೆ.

ಪರಿಹಾರದ ಮೊದಲ ಭಾಗ ರಕ್ತ ಸಂಗ್ರಹಿಸುವ ಕಾಲದಲ್ಲೇ ಇದೆ. ರೋಗಿ ಎಲ್ಲಿಂದ ಬಂದರೋ ಹೋಲಿಕೆಯವರೂ ಅಲ್ಲಿಂದಲೇ ಬರಬೇಕು. ತಂದೆ ತಾಯಿಯ ಊರು, ಮನೆಮಾತು, ಮದುವೆ ಸಂಬಂಧಗಳು ನಡೆಯುವ ಸಮುದಾಯ ಇವುಗಳನ್ನು ಗೌರವದಿಂದ ಕೇಳಿ, ಏಕೆ ಕೇಳುತ್ತಿದ್ದೇವೆಂದು ವಿವರಿಸಿ ಬರೆದುಕೊಳ್ಳಬೇಕು. ‘ಮಾತೃಭಾಷೆ’ ಎಂಬ ಒಂದು ಅಂಕಣ ಸಾಲದು. ಮುಂಬೈಯ ಕನ್ನಡಿಗರು ಎಂಬ ಒಂದೇ ಹೆಸರಿನಡಿ ಕರಾವಳಿಯಿಂದ ಬಂದು ತುಳು ಅಥವಾ ಕೊಂಕಣಿ ಆಡುವವರೂ, ಉತ್ತರ ಕರ್ನಾಟಕದಿಂದ ಬಂದವರೂ ಇದ್ದಾರೆ. ಅವರನ್ನು ಒಂದೇ ಜನಸಮೂಹವೆಂದು ತಳಿಶಾಸ್ತ್ರ ಒಪ್ಪುವುದಿಲ್ಲ.

ಎರಡನೆಯ ಭಾಗ ಗಣಿತದ್ದು. ಎಲ್ಲರ ಜೀನೋಮಿನಿಂದ, ಪರಸ್ಪರ ಅಂಟಿಕೊಂಡಿರದ (ತಲೆಮಾರಿನಿಂದ ತಲೆಮಾರಿಗೆ ಒಟ್ಟೊಟ್ಟಿಗೆ ಸಾಗಿಬರದ) ಸುಮಾರು ಒಂದು ಲಕ್ಷ ಜಾಗಗಳನ್ನು ಆರಿಸಿ, ಜನರ ನಡುವಿನ ವ್ಯತ್ಯಾಸಗಳನ್ನು ಕೆಲವೇ ಅಕ್ಷಗಳಿಗೆ ಇಳಿಸುವ ಪ್ರಧಾನ ಘಟಕ ವಿಶ್ಲೇಷಣೆ ನಡೆಸಿ, ಸಿಗುವ ಮೊದಲ ಹತ್ತು ಅಕ್ಷಗಳನ್ನು ಆರನೆಯ ಹಂತದ ಲೆಕ್ಕದಲ್ಲಿ ಸೇರಿಸಬೇಕು. ಆರನೆಯ ವರ್ಣತಂತುವಿನ ಎಚ್‌ಎಲ್‌ಎ ಪ್ರದೇಶದಂಥ (ರೋಗನಿರೋಧಕ ಜೀನುಗಳ ಪ್ರದೇಶ), ಉದ್ದಕ್ಕೂ ಜಾಗಗಳು ಒಂದಕ್ಕೊಂದು ಅಂಟಿಕೊಂಡಿರುವ ಭಾಗಗಳನ್ನು ಮೊದಲೇ ಬಿಡಬೇಕು, ಇಲ್ಲದಿದ್ದರೆ ಒಂದು ಅಕ್ಷ ಇಡೀ ಜೀನೋಮಿನ ಬದಲು ಆ ಒಂದು ತುಣುಕಿನ ಕಥೆಯನ್ನೇ ಹೇಳುತ್ತದೆ. ನಮ್ಮ ದೇಶದ ಮಾಹಿತಿಯಲ್ಲಿ ಮೊದಲ ಅಕ್ಷ ಸಾಮಾನ್ಯವಾಗಿ ವಾಯವ್ಯದಿಂದ ದಕ್ಷಿಣಕ್ಕೆ ಹರಡಿದ ಇಳಿಜಾರನ್ನು ತೋರಿಸುತ್ತದೆ. 2009ರಲ್ಲಿ 25 ಸಮುದಾಯಗಳ ಅಧ್ಯಯನ ಇದನ್ನು ಎರಡು ಪ್ರಾಚೀನ ಜನಮೂಲಗಳ ಬೆರಕೆಯೆಂದು ವಿವರಿಸಿತು. ಆದರೆ ಅಕ್ಷಗಳು ಸಣ್ಣ ಸಣ್ಣ ಸಮುದಾಯಗಳ ನಡುವಿನ ಸೂಕ್ಷ್ಮ ಗೋಡೆಗಳನ್ನೆಲ್ಲ ಹಿಡಿಯುವುದಿಲ್ಲ. ಅದಕ್ಕೆ ಪ್ರತಿ ಇಬ್ಬರ ನಡುವಿನ ಆನುವಂಶಿಕ ಹೋಲಿಕೆಯನ್ನು ಒಂದು ಮಾತೃಕೆಯಾಗಿ (ಸಂಖ್ಯೆಗಳ ಚೌಕಟ್ಟಾಗಿ) ಬಳಸುವ ಮಿಶ್ರ ಮಾದರಿ (ಮಿಕ್ಸ್ಡ್ ಮಾಡೆಲ್) ಎಂಬ ಲೆಕ್ಕದ ವಿಧಾನಗಳು ಹೆಚ್ಚು ಸಹಾಯಕ. ರೋಗಿಗಳ ಮತ್ತು ಹೋಲಿಕೆಯವರ ಸಂಖ್ಯೆ ತುಂಬ ಅಸಮವಾಗಿದ್ದರೂ ಸೇಜ್ ಎಂಬ ತಂತ್ರಾಂಶ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ.

ಮುಂಬೈಯ ಟಾಟಾ ಮೆಮೋರಿಯಲ್ ಕೇಂದ್ರದ ನೇತೃತ್ವದಲ್ಲಿ ಪಿತ್ತಕೋಶದ ಕ್ಯಾನ್ಸರ್ ಕುರಿತು ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಓದಿಸುತ್ತೇನೆ. ರೋಗಿಗಳ ಸಂಖ್ಯೆ ಸಾವಿರಕ್ಕಿಂತ ತುಸು ಹೆಚ್ಚು. ಅವರು ಏಳನೆಯ ವರ್ಣತಂತುವಿನಲ್ಲಿ ಎಬಿಸಿಬಿ1 ಮತ್ತು ಎಬಿಸಿಬಿ4 ಜೀನುಗಳಿರುವ ನೆಲೆಯನ್ನು ಕಂಡುಕೊಂಡು, ಬೇರೆ ಗುಂಪಿನಲ್ಲಿ ಮತ್ತೆ ಪರೀಕ್ಷಿಸಿದರು. ಎಬಿಸಿಬಿ4 ಪಿತ್ತರಸಕ್ಕೆ ಕೊಬ್ಬಿನ ಅಣುಗಳನ್ನು ಸಾಗಿಸುವ ಪ್ರೋಟೀನನ್ನು ತಯಾರಿಸುವುದರಿಂದ ಫಲಿತಾಂಶಕ್ಕೆ ಜೀವಶಾಸ್ತ್ರದ ಅರ್ಥವೂ ಒದಗಿತು. ನಮ್ಮ ಜನರಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಯನ್ನು ನಮ್ಮ ಜನರಲ್ಲೇ ಹುಡುಕಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಐದನೆಯ ಹಂತ: ಮಾಹಿತಿಯನ್ನು ತೊಳೆಯುವುದು

ಅಕ್ಕಿಯಲ್ಲಿ ಕಲ್ಲು ಆರಿಸದೆ ಎಸರಿಗೆ ಹಾಕುವವರಿಲ್ಲ. ಚಿಪ್‌ನಿಂದ (ಡಿಎನ್ಎಯ ಜಾಗಗಳನ್ನು ಓದುವ ಸಾಧನದಿಂದ) ಬಂದ ಮಾಹಿತಿಯನ್ನು ಪ್ಲಿಂಕ್ ತಂತ್ರಾಂಶಕ್ಕೆ ಹಾಕಿ, ನೂರಕ್ಕೆ ಎರಡಕ್ಕಿಂತ ಹೆಚ್ಚು ಜಾಗಗಳು ಓದಲಾಗದ ಮಾದರಿಗಳನ್ನೂ, ಹಾಗೆಯೇ ಹಲವರಲ್ಲಿ ಓದಲಾಗದ ಜಾಗಗಳನ್ನೂ ಕೈಬಿಡಿ. ಎಕ್ಸ್ ವರ್ಣತಂತುವಿನ ಮಾಹಿತಿ ಹೇಳುವ ಲಿಂಗಕ್ಕೂ ಪುಸ್ತಕದಲ್ಲಿ ಬರೆದ ಲಿಂಗಕ್ಕೂ ಹೊಂದದಿದ್ದರೆ ಟ್ಯೂಬುಗಳು ಅದಲುಬದಲಾಗಿರುವ ಸಂಭವ ಹೆಚ್ಚು. ಒಬ್ಬರಲ್ಲಿ ಭಿನ್ನ ಆಲೀಲ್‌ಗಳ ಜೋಡಿ ಅತಿಯಾಗಿ ಕಂಡರೆ ಎರಡು ಜನರ ರಕ್ತ ಬೆರೆತಿರಬಹುದು.

ತೀರ ಕಡಿಮೆ ಕಂಡರೆ? ಪಠ್ಯಪುಸ್ತಕಗಳು ಅದನ್ನೂ ತೆಗೆದುಹಾಕಿ ಎನ್ನುತ್ತವೆ. ನಮ್ಮ ಕಡೆ ಹಾಗೆ ಕಣ್ಣುಮುಚ್ಚಿ ತೆಗೆಯಬಾರದು. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ಮದುವೆಯಾಗುವ ಪದ್ಧತಿ ಇರುವಲ್ಲಿ ಇದು ಮಾದರಿಯ ದೋಷವಲ್ಲ, ಮನೆತನದ ರೀತಿ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿನ ಜೀನೋಮಿನ ಎಂಟನೆಯ ಒಂದು ಪಾಲು ಸರಾಸರಿಯಲ್ಲಿ ಎರಡೂ ಕಡೆಯಿಂದ ಒಂದೇ ಪೂರ್ವಜರ ಪ್ರತಿಯಾಗಿರುತ್ತದೆ; ಸೋದರಮಾವನ ಮಗಳೊಂದಿಗಿನ ಮದುವೆಯಲ್ಲಿ ಹದಿನಾರನೆಯ ಒಂದು ಪಾಲು. ಅಂಥವರನ್ನು ಉಳಿಸಿಕೊಂಡು, ಆ ಅಳತೆಯನ್ನೇ ಒಂದು ಚರವಾಗಿ ಬರೆದಿಟ್ಟುಕೊಳ್ಳುವುದು ಮೇಲು. ನೆಂಟಸ್ತಿಕೆಯ ಪರೀಕ್ಷೆಗೆ ಕಿಂಗ್ ಎಂಬ ತಂತ್ರಾಂಶವಿದೆ: ಒಡಹುಟ್ಟಿದವರಿಗೆ ಅದು 0.25ರ ಹತ್ತಿರದ ಬೆಲೆ ಕೊಡುತ್ತದೆ, ಚಿಕ್ಕಪ್ಪ ಮತ್ತು ಅಣ್ಣನ ಮಗನಿಗೆ 0.125ರ ಹತ್ತಿರ. ಗೊತ್ತಿಲ್ಲದೆ ಬಂದ ನೆಂಟರನ್ನು ಸ್ವತಂತ್ರ ವ್ಯಕ್ತಿಗಳೆಂದು ಎಣಿಸಿದರೆ ಮಾದರಿಯ ಗಾತ್ರ ಇರುವುದಕ್ಕಿಂತ ದೊಡ್ಡದೆಂದು ನಮಗೆ ನಾವೇ ಹೇಳಿಕೊಂಡಂತೆ.

ಹಾರ್ಡಿ–ವೈನ್‌ಬರ್ಗ್ ಸಮತೋಲ 1908ರಿಂದ ನಮಗೆ ಗೊತ್ತಿರುವ ನಿಯಮ: ಸಮುದಾಯದೊಳಗೆ ಮದುವೆಗಳು ಆಕಸ್ಮಿಕವಾಗಿ ನಡೆದರೆ ಆಲೀಲಿನ ಪ್ರಮಾಣದಿಂದಲೇ ಆಲೀಲ್ ಜೋಡಿಗಳ ಪ್ರಮಾಣವನ್ನು ಹೇಳಬಹುದು. ಹೋಲಿಕೆಯ ಗುಂಪಿನಲ್ಲಿ ಅದು ತೀವ್ರವಾಗಿ ಮುರಿದ ಜಾಗಗಳಲ್ಲಿ ಚಿಪ್ ತಪ್ಪು ಓದಿರುವ ಸಂಭವವಿದೆ ಎಂದು ಅವನ್ನು ಬಿಡುವುದು ರೂಢಿ. ಆದರೆ ಎರಡು ಸಮುದಾಯಗಳನ್ನು ಬೆರೆಸಿದರೂ ಅದು ಮುರಿಯುತ್ತದೆ. ಮೇಲಿನ ‘ಅ’ ಮತ್ತು ‘ಇ’ಗಳನ್ನು ಸಮಪಾಲಾಗಿ ಬೆರೆಸಿದರೆ ಆಲೀಲಿನ ಸರಾಸರಿ 0.3, ನಿಯಮದಂತೆ ಭಿನ್ನ ಜೋಡಿಯವರು ನೂರಕ್ಕೆ 42 ಇರಬೇಕು, ನಿಜವಾಗಿ ಇರುವುದು 40. ಹಾಗಾಗಿ ಈ ಪರೀಕ್ಷೆಯನ್ನು ಸಮುದಾಯಗಳಲ್ಲಿ ಬೇರೆ ಬೇರೆಯಾಗಿ ನಡೆಸಿರಿ.

ನನ್ನ ಅನುಭವದ ಒಂದು ಪಾಠವನ್ನು ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ ನಾನು ಸಲಹೆಗಾರನಾಗಿದ್ದ ಒಂದು ಅಧ್ಯಯನದಲ್ಲಿ ರೋಗಿಗಳ ಮಾದರಿಗಳನ್ನು ಒಂದು ಪ್ರಯೋಗಾಲಯ ಬೇಸಿಗೆಯಲ್ಲಿ ಓದಿಸಿತು. ಹಣ ತಡವಾಗಿ ಬಂದದ್ದರಿಂದ ಹೋಲಿಕೆಯ ಗುಂಪನ್ನು ಮಳೆಗಾಲ ಮುಗಿದ ಮೇಲೆ, ಚಿಪ್‌ನ ಬೇರೆ ಬ್ಯಾಚಿನಲ್ಲಿ (ಬೇರೆ ಸಲ ತಯಾರಾದ ಗುಂಪಿನಲ್ಲಿ) ಓದಿಸಿತು. ಎಂಟು ಹತ್ತು ಜಾಗಗಳು ಅಚ್ಚರಿಯ ಪಿ-ಮೌಲ್ಯಗಳೊಂದಿಗೆ ಮೇಲೆದ್ದವು, ಎಲ್ಲರೂ ಸಂತೋಷಪಟ್ಟರು. ಒಂದು ಜಾಗದಲ್ಲಿ ನಿಜವಾದ ಸಂಬಂಧವಿದ್ದರೆ ಅದರ ಅಕ್ಕಪಕ್ಕದ ಜಾಗಗಳೂ ಜೊತೆಗೆ ಏಳಬೇಕು. ಇವು ಒಂದೊಂದೂ ಬಯಲಿನ ಒಂಟಿ ಮರದಂತೆ ನಿಂತಿದ್ದವು. ಓದುವ ಸಂಕೇತಗಳ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಎಲ್ಲವೂ ಎರಡು ಬ್ಯಾಚುಗಳ ಚಿಪ್‌ಗಳ ನಡುವಿನ ವ್ಯತ್ಯಾಸ ಎಂದು ತಿಳಿಯಿತು. ಆ ಅಧ್ಯಯನ ನಡೆಸುತ್ತಿದ್ದ ಸಂಶೋಧಕಿಯ ಎರಡು ವರ್ಷಗಳ ಶ್ರಮ ಹೋಯಿತು, ಆ ನೋವು ನನಗೆ ಇನ್ನೂ ಇದೆ. ರೋಗಿಗಳನ್ನೂ ಹೋಲಿಕೆಯವರನ್ನೂ ಪ್ರತಿ ಪ್ಲೇಟಿನಲ್ಲೂ ಚೀಟಿ ಎತ್ತಿದಂತೆ ಬೆರೆಸಿ ಇಡಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಆರನೆಯ ಹಂತ: ಸಂಬಂಧದ ಪರೀಕ್ಷೆ

ಇಷ್ಟೆಲ್ಲ ಆದ ಮೇಲೆ ಪರೀಕ್ಷೆ ಸರಳ. ಪ್ರತಿ ಜಾಗಕ್ಕೆ ಪ್ರತಿಯೊಬ್ಬರಲ್ಲಿ ಅಪಾಯದ ಆಲೀಲ್ ಎಷ್ಟು ಪ್ರತಿಗಳಿವೆ, ಸೊನ್ನೆಯೇ, ಒಂದೇ, ಎರಡೇ, ಎಂಬುದನ್ನು ಇಟ್ಟು, ವಯಸ್ಸು, ಲಿಂಗ, ಪ್ರಧಾನ ಘಟಕಗಳನ್ನು ಜೊತೆಗಿಟ್ಟು ಲಾಜಿಸ್ಟಿಕ್ ರಿಗ್ರೆಶನ್ (ಇವೆಲ್ಲವುಗಳಿಂದ ಕಾಯಿಲೆಯ ಆಡ್ಸ್ ಹೇಗೆ ಬದಲಾಗುತ್ತದೆಂದು ಅಳೆಯುವ ಲೆಕ್ಕ) ನಡೆಸಬೇಕು. ನಂತರ ಎಲ್ಲ ಜಾಗಗಳ ಕೈ-ವರ್ಗ ಬೆಲೆಗಳ ಮಧ್ಯಾಂಕವನ್ನು, ಯಾವ ಸಂಬಂಧವೂ ಇಲ್ಲದಿದ್ದರೆ ಬರಬೇಕಾದ ಮಧ್ಯಾಂಕ 0.455ರಿಂದ ಭಾಗಿಸಿ. ಇದಕ್ಕೆ ಲ್ಯಾಮ್ಡಾ ಎನ್ನುತ್ತಾರೆ. ಅದು ಒಂದರ ಹತ್ತಿರವಿದ್ದರೆ ಸಮಾಧಾನ. ಸಾವಿರ ಜನರ ಅಧ್ಯಯನದಲ್ಲಿ 1.1ನ್ನು ದಾಟಿದರೆ ನಾಲ್ಕನೆಯ ಹಂತಕ್ಕೆ ಹಿಂದಿರುಗಿ. ಬಹಳ ದೊಡ್ಡ ಅಧ್ಯಯನಗಳಲ್ಲಿ ಮಾತ್ರ, ನಿಜವಾಗಿಯೂ ನೂರಾರು ಜೀನುಗಳು ಪಾಲುಗೊಂಡಿರುವುದರಿಂದಲೇ ಲ್ಯಾಮ್ಡಾ ಏರಬಹುದು, ಅದನ್ನೂ ದೋಷದ ಏರಿಕೆಯನ್ನೂ ಬೇರ್ಪಡಿಸಲು ಎಲ್‌ಡಿ ಸ್ಕೋರ್ ರಿಗ್ರೆಶನ್ ಎಂಬ ವಿಧಾನ 2015ರಿಂದ ಬಳಕೆಯಲ್ಲಿದೆ.

ಯಾವ ಚರವನ್ನು ಜೊತೆಗಿಡಬೇಕು, ಯಾವುದನ್ನು ಇಡಬಾರದು ಎಂಬುದು ಯಾಂತ್ರಿಕ ತೀರ್ಮಾನವಲ್ಲ. 2007ರಲ್ಲಿ ಯುರೋಪಿನವರಲ್ಲಿ ಎಫ್‌ಟಿಒ ಜೀನಿನ ನೆಲೆ ಮೊದಲು ಕಂಡದ್ದು ಸಕ್ಕರೆ ಕಾಯಿಲೆಯ ಹುಡುಕಾಟದಲ್ಲಿ. ದೇಹತೂಕದ ಸೂಚ್ಯಂಕವನ್ನು (ಎತ್ತರಕ್ಕೆ ಹೋಲಿಸಿದ ತೂಕ, ಬಿಎಂಐ) ಲೆಕ್ಕಕ್ಕೆ ಸೇರಿಸಿದೊಡನೆ ಆ ಸಂಬಂಧ ಅಳಿಸಿಹೋಯಿತು; ಅಂದರೆ ಈ ನೆಲೆ ಮೊದಲು ತೂಕವನ್ನು ಹೆಚ್ಚಿಸಿ, ತೂಕದ ಮೂಲಕ ಕಾಯಿಲೆಯನ್ನು ತರುತ್ತದೆ ಎಂದಾಯಿತು. ಪುಣೆಯ ರೋಗಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೂಚ್ಯಂಕವನ್ನು ಸೇರಿಸಿದರೂ ಸಂಬಂಧ ಪೂರ್ತಿ ಅಳಿಯಲಿಲ್ಲ. ಸಣ್ಣಗೆ ಕಾಣುವ ದೇಹದಲ್ಲೂ ಕೊಬ್ಬು ಹೆಚ್ಚಿರುವ ನಮ್ಮ ಜನರಲ್ಲಿ ತೂಕದ ಸೂಚ್ಯಂಕ ಕೊಬ್ಬಿಗೆ ಸರಿಯಾದ ಅಳತೆಯಲ್ಲ ಎಂಬುದು ಇದಕ್ಕೆ ಒಂದು ಕಾರಣವಿರಬಹುದು. ಹಾಗಾಗಿ ಸೂಚ್ಯಂಕ ಸೇರಿಸಿದ ಮತ್ತು ಸೇರಿಸದ ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ವರದಿ ಮಾಡಿರಿ.

ಏಳನೆಯ ಹಂತ: ಮತ್ತೆ ನೋಡುವುದು, ಹತ್ತಿರದಿಂದ ನೋಡುವುದು

ಮಿತಿ ದಾಟಿದ ಜಾಗವನ್ನು ಬೇರೆ ಜನರಲ್ಲಿ ಮತ್ತೆ ಪರೀಕ್ಷಿಸದೆ ಬರೆಯಬೇಡಿ. ಮೊದಲ ಸಲ ಕಂಡ ಪರಿಣಾಮ ಸಾಮಾನ್ಯವಾಗಿ ನಿಜಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ, ಏಕೆಂದರೆ ಅದೃಷ್ಟ ಜೊತೆಗೂಡಿದವೇ ಮಿತಿ ದಾಟುತ್ತವೆ. ಎರಡನೆಯ ಗುಂಪಿನ ಗಾತ್ರವನ್ನು ಆ ಉಬ್ಬಿದ ಸಂಖ್ಯೆಯಿಂದ ಲೆಕ್ಕ ಹಾಕಿದರೆ ಜನ ಸಾಲದೆ ಹೋಗುತ್ತಾರೆ. ಟಿಸಿಎಫ್7ಎಲ್2 ಜೀನು ಸಕ್ಕರೆ ಕಾಯಿಲೆಗೆ ಸಂಬಂಧಿಸಿದೆಯೆಂದು ಐಸ್‌ಲ್ಯಾಂಡಿನಿಂದ 2006ರಲ್ಲಿ ಸುದ್ದಿ ಬಂತು. ಮರುವರ್ಷವೇ ಹೈದರಾಬಾದ್ ಮತ್ತು ಪುಣೆಯ ಸಂಶೋಧಕರು ಭಾರತೀಯರಲ್ಲೂ ಅದು ನಿಜವೆಂದು ತೋರಿಸಿದರು. ಒಂದು ಪ್ರತಿಗೆ ಸುಮಾರು 1.4ರ ಆಡ್ಸ್ ಅನುಪಾತವಿರುವ ಈ ಜಾಗ ಸಾಮಾನ್ಯ ರೂಪಭೇದಗಳಲ್ಲಿ (ಅನೇಕರಲ್ಲಿ ಕಾಣುವ ಡಿಎನ್ಎ ವ್ಯತ್ಯಾಸಗಳಲ್ಲಿ) ಬಲವಾದವುಗಳ ಸಾಲಿನದು.

ಜಾಗ ಸಿಕ್ಕಿತೆಂದರೆ ಜೀನು ಸಿಕ್ಕಿತೆಂದಲ್ಲ. ಎಫ್‌ಟಿಒ ಜೀನಿನ ಒಳಗಿರುವ ಆ ರೂಪಭೇದಗಳು ದೂರದ ಐಆರ್‌ಎಕ್ಸ್3 ಜೀನಿನ ಕೆಲಸವನ್ನು ಬದಲಿಸುತ್ತವೆ ಎಂದು 2014ರಲ್ಲಿ ತಿಳಿಯಿತು. ‘ಎಫ್‌ಟಿಒ ಜೀನು’ ಎಂದು ಬರೆಯುವ ಬದಲು ‘ಎಫ್‌ಟಿಒ ನೆಲೆ’ ಎಂದು ಬರೆಯುವ ಎಚ್ಚರ ಒಳ್ಳೆಯದು.

ಜೀನುಗಳನ್ನು ಬಳಸಿ ಕಾರಣವನ್ನೂ ಪರೀಕ್ಷಿಸಬಹುದು. ಗರ್ಭಿಣಿಯರ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಹೆಚ್ಚಿದ್ದರೆ ಮಗುವಿನ ತೂಕ ಕಡಿಮೆ ಎಂಬುದು ಬಡತನದ ನೆರಳೂ ಆಗಿರಬಹುದಲ್ಲವೇ? ಎಂಟಿಎಚ್‌ಎಫ್‌ಆರ್ ಜೀನಿನ ಒಂದು ರೂಪಭೇದ ಹೋಮೋಸಿಸ್ಟೀನನ್ನು ಹೆಚ್ಚಿಸುತ್ತದೆ, ಮತ್ತು ಅದು ಬಡವರಿಗೋ ಉಳ್ಳವರಿಗೋ ಎಂದು ನೋಡಿ ಬರುವುದಿಲ್ಲ. ಪುಣೆಯ ಹಳ್ಳಿಗಳ ಅಧ್ಯಯನವನ್ನೂ ಮೈಸೂರಿನ ಪಾರ್ಥೆನಾನ್ ಅಧ್ಯಯನವನ್ನೂ ಜೊತೆಗಿಟ್ಟು 2014ರಲ್ಲಿ ಪ್ರಕಟವಾದ ಲೇಖನ, ತಾಯಿಯಲ್ಲಿ ಆ ರೂಪಭೇದವಿದ್ದಾಗಲೂ ಮಗುವಿನ ತೂಕ ಕಡಿಮೆಯೆಂದು ತೋರಿಸಿ, ಸಂಬಂಧ ಕಾರಣದ್ದೇ ಎಂಬ ಮಾತಿಗೆ ಬಲ ಕೊಟ್ಟಿತು. ನಮ್ಮ ಎರಡು ಊರುಗಳ ತಾಯಂದಿರು ಸೇರಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟ ಈ ಕೆಲಸದ ಮೇಲೆ ನನಗೆ ವಿಶೇಷ ಅಭಿಮಾನ.

ಎಂಟನೆಯ ಹಂತ: ಒಟ್ಟು ಅಂಕ ಮತ್ತು ರಕ್ತ ಕೊಟ್ಟವರಿಗೆ ಉತ್ತರ

ನೂರಾರು ಜಾಗಗಳ ಪರಿಣಾಮಗಳನ್ನು ಕೂಡಿಸಿ ಒಬ್ಬೊಬ್ಬರಿಗೂ ಒಂದು ಬಹುಜೀನ್ ಅಂಕವನ್ನು ಲೆಕ್ಕ ಹಾಕಬಹುದು. ಆದರೆ ಒಂದೊಂದು ಜಾಗಕ್ಕೆ ಎಷ್ಟು ಪ್ರಾಮುಖ್ಯ ಕೊಡಬೇಕೆಂಬ ಬೆಲೆಗಳು ಹೆಚ್ಚಾಗಿ ಯುರೋಪಿನ ಜನರಿಂದ ಬಂದಿವೆ. ಆಲೀಲ್‌ಗಳ ಪ್ರಮಾಣವೂ ಅವು ಒಂದಕ್ಕೊಂದು ಅಂಟಿಕೊಂಡಿರುವ ರೀತಿಯೂ ಇಲ್ಲಿ ಬೇರೆಯಾದ್ದರಿಂದ ಅಂಕದ ನಿಖರತೆ ಕುಗ್ಗುತ್ತದೆ. ಸರಾಸರಿಯೂ ಬೇರೆಡೆಗೆ ಸರಿದಿರುತ್ತದೆ. ಲಂಡನ್ನಿನ ಕೋಷ್ಟಕದಲ್ಲಿ ‘ಹೆಚ್ಚು ಅಪಾಯ’ ಎಂಬ ಸಾಲನ್ನು ಪುಣೆಯವರಿಗೆ ಹಾಗೆಯೇ ಅನ್ವಯಿಸಬೇಡಿ. ಮೊದಲು ಇಲ್ಲಿನ ಹೋಲಿಕೆಯ ಗುಂಪಿನಲ್ಲಿ ಅಂಕದ ಸರಾಸರಿ ಮತ್ತು ಹರಹನ್ನು ನೋಡಿ, ಪ್ರಧಾನ ಘಟಕಗಳ ಪ್ರಭಾವವನ್ನು ಕಳೆದು, ಇಲ್ಲಿನ ರೋಗಿಗಳನ್ನು ಅದು ಎಷ್ಟರಮಟ್ಟಿಗೆ ಬೇರ್ಪಡಿಸುತ್ತದೆ ಎಂದು ಅಳೆಯಿರಿ. ವಯಸ್ಸು, ಸೊಂಟದ ಸುತ್ತಳತೆ, ಕುಟುಂಬದ ಇತಿಹಾಸಗಳಿಂದ ಈಗಾಗಲೇ ತಿಳಿದಿರುವುದಕ್ಕೆ ಅಂಕ ಎಷ್ಟು ಹೆಚ್ಚು ಸೇರಿಸಿತು ಎಂಬುದೇ ಮುಖ್ಯ ಪ್ರಶ್ನೆ; ಅದು ಎಷ್ಟೋ ಸಲ ತೀರ ಕಡಿಮೆ.

ಅಕ್ಕಲಕೋಟೆಯ ಕಡೆಯ ಹಿರಿಯರೊಬ್ಬರು ರಕ್ತ ಕೊಟ್ಟು ತೋಳು ಮಡಚಿಕೊಂಡು ಕೂತಲ್ಲಿಂದಲೇ ನನ್ನನ್ನು ಕೇಳಿದ್ದರು: “ಸರ, ನನ್ನ ಮಗಗೂ ಇದು ಬರ್ತದೇನ್ರಿ?” ನಾನು ಆಗ ಆಡ್ಸ್ ಅನುಪಾತದ ಮಾತು ಆಡಿದೆ, ಅವರಿಗೆ ಅದು ತಿಳಿಯಲಿಲ್ಲ. ಈಗ ಹೀಗೆ ಲೆಕ್ಕ ಹಾಕಿ ಹೇಳುತ್ತೇನೆ. ಅಪಾಯದ ಪ್ರತಿ ಇಲ್ಲದ, ಒಂದು ವಯಸ್ಸಿನ ನೂರು ಜನರಲ್ಲಿ ಹತ್ತು ಜನರಿಗೆ ಕಾಯಿಲೆ ಬರುತ್ತದೆ ಎನ್ನೋಣ; ಆಡ್ಸ್ 10ಕ್ಕೆ 90, ಅಂದರೆ 0.111. ಅಪಾಯದ ಒಂದು ಪ್ರತಿ ಇದ್ದರೆ ಅದನ್ನು 1.4ರಿಂದ ಗುಣಿಸಿ, 0.156. ಮತ್ತೆ ನೂರರ ಲೆಕ್ಕಕ್ಕೆ ತಂದರೆ ಹದಿಮೂರು ಅಥವಾ ಹದಿನಾಲ್ಕು ಜನ. ‘ನಲವತ್ತು ಪ್ರತಿಶತ ಹೆಚ್ಚು’ ಎಂದು ಬರೆದ ಪತ್ರ ಮನೆಯವರನ್ನು ಹೆದರಿಸುತ್ತದೆ. ‘ನೂರರಲ್ಲಿ ಹತ್ತರ ಬದಲು ಹದಿಮೂರೋ ಹದಿನಾಲ್ಕೋ’ ಎಂದು ಬರೆದ ಪತ್ರ ಅರ್ಥವಾಗುತ್ತದೆ. ಜೊತೆಗೆ, ಈ ಪ್ರತಿ ಇಲ್ಲದವರಿಗೂ ಕಾಯಿಲೆ ಬರಬಹುದು, ಇದ್ದವರಲ್ಲೂ ಹೆಚ್ಚಿನವರಿಗೆ ಬರುವುದಿಲ್ಲ, ಮೂವತ್ತು ದಾಟಿದ ಮಗ ವರ್ಷಕ್ಕೊಮ್ಮೆ ಬರಿಹೊಟ್ಟೆಯ ರಕ್ತಪರೀಕ್ಷೆ ಮಾಡಿಸಲಿ ಎಂಬ ಮೂರು ಸಾಲುಗಳನ್ನು ಅದೇ ಪತ್ರದಲ್ಲಿ, ಅವರು ಓದಬಲ್ಲ ಅಥವಾ ಓದಿಸಿಕೊಳ್ಳಬಲ್ಲ ಭಾಷೆಯಲ್ಲಿ ಬರೆದು ಕಳುಹಿಸಿರಿ.